ತೂಗಬಾರದ ತೊಟ್ಟಿಲು

ವಸ್ತುಸಂಗ್ರಹಾಲಯದ ಹಜಾರದಲ್ಲಿ, ಟಿಕೆಟ್ ಕೊಡುವ ಮೇಜಿನ ಎದುರು ಗೋಡೆಗೆ, ಬಾಗಿಲಿನಷ್ಟು ದೊಡ್ಡ ಪರದೆಯೊಂದನ್ನು ಹಾಕಿದ್ದೆವು. ಆ ಪರದೆಯ ಮೇಲೆ ಒಂದು ಮರದ ತೊಟ್ಟಿಲಿನ ಚಿತ್ರ. ನಾಲ್ಕು ಮೂಲೆಗೂ ಒಂದೊಂದು ಮರದ ಗಿಳಿ, ಅವುಗಳಲ್ಲಿ ಒಂದಕ್ಕೆ ಕೊಕ್ಕಿಲ್ಲ. ಮಧ್ಯಾಹ್ನ ಊಟದ ಹೊತ್ತು ಕಳೆದು ಹಜಾರ ಖಾಲಿಯಾದ ಮೇಲೆ, ಹತ್ತಿರ ಯಾರೂ ಇಲ್ಲದಾಗ, ಅದು ತನ್ನಷ್ಟಕ್ಕೆ ತೂಗತೊಡಗುತ್ತಿತ್ತು. ಸರಪಳಿಯ ಕಿರ್ ಕಿರ್ ಸದ್ದು ಕಲ್ಲುಗೋಡೆಗೆ ತಾಗಿ ಮಹಡಿಯ ಮೇಲಿನ ನನ್ನ ಕೋಣೆಯವರೆಗೂ ಬರುತ್ತಿತ್ತು. ಇಷ್ಟು ವರ್ಷವಾದ ಮೇಲೂ ಆ ಸದ್ದು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಅದು ತೂಗುವಂತೆ ಮಾಡಿದವನು ನಾನೇ. ಸಂಗ್ರಹಾಲಯದ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಊರಿನ ಜನ ನಮ್ಮ ಕಟ್ಟಡದೊಳಗೆ ಬರುತ್ತಿದ್ದದ್ದು ಬಿಸಿಲು ತಪ್ಪಿಸಿಕೊಳ್ಳಲು ಮಾತ್ರ. ಅವರು ಬಾರದಿದ್ದರೆ ಬೇಡ, ಇದ್ದದ್ದನ್ನೆಲ್ಲ ಫೋಟೋ ತೆಗೆದು ಅವರಿದ್ದಲ್ಲಿಗೇ ಕಳಿಸೋಣ ಎಂದು ನಿರ್ದೇಶಕರು ತೀರ್ಮಾನಿಸಿದ್ದರು. ಕತ್ತಿ, ನಾಣ್ಯ, ತಾಮ್ರದ ಹಂಡೆ ಎಲ್ಲವನ್ನೂ ಏರಿಸಿದೆವು. ಯಾವ ಪುಟವನ್ನು ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು ಎಂದು ದಿನಾ ಬೆಳಿಗ್ಗೆ ತೆಗೆದು ನೋಡದೆ ನನಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾರೂ ನೋಡುತ್ತಿರಲಿಲ್ಲ. ಅವರ ಪಾಲಿಗೆ ಹಂಡೆ ಅಂದರೆ ಹಂಡೆ.

ಆಗ ಹೊಳೆದದ್ದು, ಹಜಾರದ ಪಕ್ಕದ ಕೋಣೆಯಲ್ಲಿ ಸುತ್ತ ಹಗ್ಗ ಕಟ್ಟಿ ತೂಗುಹಾಕಿದ್ದ ಈ ತೊಟ್ಟಿಲು. ಲೋಕದ ಯಾವ ಮೂಲೆಯಲ್ಲಿ ಕುಳಿತವರಾದರೂ ಸರಿ, ಚಿತ್ರದ ಮೇಲೆ ಬೆರಳಾಡಿಸಿದರೆ ತೊಟ್ಟಿಲು ತೂಗಬೇಕು. ಅದೇ ಹೊತ್ತಿಗೆ ನಮ್ಮ ಹಜಾರದ ಪರದೆಯಲ್ಲೂ ತೂಗಬೇಕು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡು ವಾರಿಜಾಳನ್ನು ಕರೆದೆ.

ವಾರಿಜಾ ನಮ್ಮ ಛಾಯಾಗ್ರಾಹಕಿ. ಮೊದಲು ಮದುವೆಮನೆಗಳ ಫೋಟೋ ತೆಗೆಯುತ್ತಿದ್ದಳು. ಸುಮ್ಮನಿರದ ಮನುಷ್ಯರ ಸಹವಾಸ ಸಾಕಾಗಿ ಸುಮ್ಮನಿರುವ ವಸ್ತುಗಳ ಕಡೆ ಬಂದೆ ಎನ್ನುತ್ತಿದ್ದಳು. ಕೈ ಚೊಕ್ಕ, ಬಾಯಿ ಚುರುಕು.

"ನೀನು ತೂಗ್ತಾ ಇರು, ವಿಡಿಯೋ ಹಿಡ್ಕೊಂಡುಬಿಡೋಣ," ಎಂದೆ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬರೀ ತೊಟ್ಟಿಲು ತೂಗಬಾರದು ಸರ್."

"ತೂಗಿದ್ರೆ ಏನಾಗುತ್ತೆ?"

"ನೋಡಬೇಕು ಅಂತಿದ್ರೆ ನೀವೇ ತೂಗಿ ನೋಡಿ."

ನಾನೂ ತೂಗಲಿಲ್ಲ. ಖಾಲಿ ತೊಟ್ಟಿಲು ತೂಗಿದರೆ ಅದರಲ್ಲಿ ಮಲಗಬೇಕಾದ ಕೂಸಿಗೆ ಕೇಡು ಎಂಬ ಮಾತು ಕೇಳದೆ ನಮ್ಮ ಕಡೆ ಬೆಳೆದವರು ಯಾರಿದ್ದಾರೆ? ಕೊನೆಗೆ ವಾರಿಜಾಳೇ ಉಪಾಯ ಹುಡುಕಿದಳು. ತೊಟ್ಟಿಲನ್ನು ಕಣ್ಣಿಗೆ ಕಾಣದ ಸಣ್ಣ ದಾರದಿಂದ ಒಂದಿಷ್ಟು ವಾಲಿಸಿ ಕಟ್ಟುವುದು, ಫೋಟೋ ತೆಗೆಯುವುದು. ಇನ್ನೊಂದಿಷ್ಟು ವಾಲಿಸುವುದು, ಮತ್ತೆ ತೆಗೆಯುವುದು. ಇಡೀ ದಿನ ಅದೇ ಕೆಲಸ. ನಾನು ಆ ಚಿತ್ರಗಳನ್ನೆಲ್ಲ ಪೋಣಿಸಿದಾಗ ತೊಟ್ಟಿಲು ನಿಜಕ್ಕೂ ತೂಗಿತು. ಸರಪಳಿಯನ್ನು ಬೇರೆಯಾಗಿ ಕೈಯಲ್ಲಿ ಆಡಿಸಿ ಸದ್ದು ಹಿಡಿದು ಸೇರಿಸಿದೆ.

"ನಾನಂತೂ ವಾಲಿಸಿದ್ದೀನಿ ಅಷ್ಟೆ. ತೂಗಿಲ್ಲ," ಎಂದು ಅವಳು ಯಾರಿಗೋ ಕೇಳಲಿ ಎನ್ನುವಂತೆ ಜೋರಾಗಿ ಹೇಳಿ ದಾರ ಸುತ್ತಿಟ್ಟಳು.

ಪುಟ ತೆರೆದ ಮೊದಲ ದಿನಗಳಲ್ಲಿ ಬಹಳ ಜನ ತೂಗಿದರು. ಪರದೆ ಹೊತ್ತಲ್ಲದ ಹೊತ್ತಲ್ಲಿ ತೂಗುವುದನ್ನು ಕಂಡು ಶಾಲೆಯ ಮಕ್ಕಳು ಕಿರುಚಿ ಓಡಿ, ಮತ್ತೆ ನೋಡಲು ಬಂದರು. ಆಮೇಲೆ ಎಲ್ಲ ಹೊಸತರಂತೆ ಇದೂ ಹಳತಾಯಿತು. ಒಂದು ಬೆರಳು ಮಾತ್ರ ಉಳಿಯಿತು. ದಿನವೂ ಮಧ್ಯಾಹ್ನ, ಮನೆಗಳಲ್ಲಿ ಕೂಸುಗಳನ್ನು ಮಲಗಿಸುವ ಹೊತ್ತಿಗೆ, ಯಾರೋ ಒಬ್ಬರು ಆ ಪುಟಕ್ಕೆ ಬಂದು ತಾಸುಗಟ್ಟಲೆ ತೂಗುತ್ತಿದ್ದರು. ಅವಸರವಿಲ್ಲದ, ಒಂದೇ ಸಮನಾದ ತೂಗು. ಆಟಕ್ಕೆ ತೂಗುವವರು ಹಾಗೆ ತೂಗುವುದಿಲ್ಲ. ಒಂದು ಪುಟದಲ್ಲಿ ಇಷ್ಟು ಹೊತ್ತು ನಿಲ್ಲುವ ನೋಡುಗ ಬೇರೆ ಯಾವ ಸಂಗ್ರಹಾಲಯಕ್ಕಿದ್ದಾನೆ ಎಂದು ನಿರ್ದೇಶಕರ ಮುಂದೆ ಕೊಚ್ಚಿಕೊಂಡೆ.

ಅಷ್ಟರಲ್ಲಿ ವಾರಿಜಾ ಬಸುರಿಯಾಗಿದ್ದಳು. ಹಿಂದೆ ಎರಡು ಸಲ ನಿಂತಿರಲಿಲ್ಲ. ಅದು ನಮಗೆಲ್ಲ ಗೊತ್ತಿದ್ದರೂ ಯಾರೂ ಆಡುತ್ತಿರಲಿಲ್ಲ. ಅವಳು ಫೋಟೋ ತೆಗೆಯುವ ಕೋಣೆಯ ಬಾಗಿಲು ನೇರ ಆ ಪರದೆಗೆ ತೆರೆಯುತ್ತಿತ್ತು. ತಿಂಗಳು ತುಂಬುತ್ತ ಬಂದಂತೆ ಅವಳು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡತೊಡಗಿದಳು. ಒಂದು ದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನನ್ನ ಕೋಣೆಗೆ ಬಂದಳು.

"ಸರ್, ಅದನ್ನ ನಿಲ್ಲಿಸಿಬಿಡಿ."

"ಅದು ತೊಟ್ಟಿಲಲ್ಲ ವಾರಿಜಾ. ತೊಟ್ಟಿಲಿನ ಚಿತ್ರ. ನೀನೇ ತೆಗೆದದ್ದು."

"ಚಿತ್ರ ಆಗಿದ್ರೆ ಸದ್ದು ಯಾಕೆ ಹಾಕಿದ್ರಿ?" ಎಂದಳು. "ಯಾರೋ ಗುರುತಿಲ್ಲದೋರು ದಿನಾ ಬಂದು ನನ್ನ ಎದುರಿಗೇ ಬರೀ ತೊಟ್ಟಿಲು ತೂಗ್ತಾರೆ. ತೂಗಿದಾಗೆಲ್ಲ ಒಳಗೆ ಇದು ಅಲುಗಾಡೋದು ನಿಲ್ಲಿಸುತ್ತೆ ಸರ್. ಡಾಕ್ಟರು ಎಲ್ಲ ಚೆನ್ನಾಗಿದೆ ಅಂತಾರೆ. ನನಗೆ ನಿದ್ದೆ ಬರ್ತಿಲ್ಲ. ಈ ಸಲನೂ ಹೋದ್ರೆ ನಾನು ಉಳಿಯಲ್ಲ."

ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅವಳೆದುರೇ ತೊಟ್ಟಿಲು ನಿಲ್ಲಿಸಿದೆ. ಆ ಕ್ಷಣದಲ್ಲೂ ಯಾರೋ ತೂಗುತ್ತಿದ್ದರು. ಕೆಳಗೆ ಹೋಗಿ ನೋಡಿದರೆ ಪರದೆಯ ತೊಟ್ಟಿಲು ಅರ್ಧಕ್ಕೆ ವಾಲಿಕೊಂಡು, ಯಾರೋ ಹಿಡಿದುಕೊಂಡಿದ್ದಾರೆ ಎನ್ನುವಂತೆ ನಿಂತುಬಿಟ್ಟಿತ್ತು.

ಕೆಲವು ದಿನ ಕಳೆದು, ಮಧ್ಯಾಹ್ನದ ಅದೇ ಹೊತ್ತಿಗೆ, ಒಬ್ಬ ಮುದುಕಿ ಬಂದರು. ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಫೋನು. ಪರದೆಯ ಮುಂದೆ ನಿಂತು ವಾಲಿದ ತೊಟ್ಟಿಲನ್ನೇ ನೋಡುತ್ತಿದ್ದರು. ಟಿಕೆಟಿನವನು ನನ್ನನ್ನು ಕರೆಸಿದ.

"ಯಾಕಪ್ಪಾ ಇದು ನಿಂತೋಗೈತೆ?" ಎಂದು ಕೇಳಿದರು. "ಬೆರಳು ಉಜ್ಜಿ ಉಜ್ಜಿ ಸಾಕಾಯ್ತು. ಫೋನ್ ಕೆಟ್ಟೋಯ್ತೇನೋ ಅಂತ ಅಂಗಡಿಗೆ ತೋರಿಸ್ದೆ. ಫೋನು ಚೆನ್ನಾಗೈತೆ ಅಜ್ಜಿ, ತೊಟ್ಲೇ ಕೆಟ್ಟಿರೋದು ಅಂದ ಅವ್ನು."

"ದಿನಾ ಮಧ್ಯಾಹ್ನ ತೂಗ್ತಿದ್ದದ್ದು ನೀವಾ?"

"ಇನ್ಯಾರು ತೂಗ್ತಾರೆ? ನಮ್ಮನೇದಲ್ವಾ ಅದು."

ಹೆಸರು ಚನ್ನಾಜಮ್ಮ. ಮಾತು ಕೇಳಿ ವಾರಿಜಾ ಕೋಣೆಯಿಂದ ಹೊರಗೆ ಬಂದಳು. ಅವಳ ಮುಖ ಕೆಂಪಾಗಿತ್ತು. "ಅಲ್ಲಮ್ಮಾ, ಇಷ್ಟು ವಯಸ್ಸಾಗಿದೆ ನಿಮಗೆ. ಬರೀ ತೊಟ್ಟಿಲು ತೂಗಬಾರದು ಅಂತ ಗೊತ್ತಿಲ್ವಾ?"

ಚನ್ನಾಜಮ್ಮ ತಿರುಗಿ ಅವಳ ಮುಖ ನೋಡಿದರು, ಹೊಟ್ಟೆ ನೋಡಿದರು. ಹಾಗೇ ಬೆಂಚಿನ ಮೇಲೆ ಕುಸಿದು ಕುಳಿತರು.

"ಅಯ್ಯೋ ನನ್ನವ್ವಾ. ನೀನು ಇಲ್ಲಿದ್ದೀ ಅಂತ ನಂಗೇನು ಗೊತ್ತು," ಎಂದರು. ಆಮೇಲೆ ಪರದೆಯ ಕಡೆಗೆ ಕೈ ಮಾಡಿ ಹೇಳತೊಡಗಿದರು. "ನನ್ನ ಕೂಸಿಗೆ ಅಂತ ಅಟ್ಟದಿಂದ ಇಳಿಸಿ, ತೊಳೆದು, ನಡುಮನೇಲಿ ಕಟ್ಟಿದ್ರು ಅದನ್ನ. ತೊಟ್ಟಿಲಿಗೆ ಹಾಕಿ ಹೆಸರಿಡೋಕೆ ದಿನ ಗೊತ್ತು ಮಾಡಿದ್ರು. ಹೆಣ್ಣು ಕೂಸು. ಆ ದಿನಕ್ಕೆ ಮುಂಚೇನೆ ಹೊರಟೋಯ್ತು. ಮಧ್ಯಾಹ್ನ ಎಲ್ಲಾರೂ ಒರಗಿದಾಗ ನನ್ನ ಕೈ ತಾನೇ ತಾನಾಗಿ ತೊಟ್ಟಿಲಿಗೆ ಹೋಗೋದು. ಒಳಗಿಂದ ನಮ್ಮತ್ತೆ ಕೂಗೋರು, ಬರೀ ತೊಟ್ಲು ತೂಗ್ಬ್ಯಾಡ, ಮುಂದಿಂದಕ್ಕೂ ಕೇಡು ಮಾಡ್ಕಂತೀಯ ಅಂತ. ಕೈ ಹಿಂದಕ್ಕೆ ತಗಂತಿದ್ದೆ. ಮುಂದಿಂದು ಬರ್ಲೇ ಇಲ್ಲ."

ವಾರಿಜಾ ಗೋಡೆಗೆ ಒರಗಿ ನಿಂತಿದ್ದಳು.

"ಮನೆ ಪಾಲಾದಾಗ ಮೈದುನ ತಂದು ಇಲ್ಲಿಗೆ ಕೊಟ್ಬಿಟ್ಟ. ಇಲ್ಲಿಗೂ ಬಂದೆ. ಹಗ್ಗ ಕಟ್ಟಿ, ಮುಟ್ಟಬಾರದು ಅಂತ ಬರ್ದಿದ್ರಿ. ಅಲ್ಲೂ ಒಬ್ರು ಅತ್ತೆ, ಇಲ್ಲೂ ಒಬ್ರು ಅತ್ತೆ. ಆಮೇಲೆ ನಮ್ಮ ತಮ್ಮನ ಮೊಮ್ಮಗಳು ಫೋನಲ್ಲಿ ತೋರ್ಸಿದ್ಲು. ಗಾಜಿನ ಮ್ಯಾಲೆ ಬೆರಳಾಡಿಸಿದ್ರೆ ತೂಗಿದಂಗಾ? ಅಲ್ಲ ಬಿಡು ಅಂದ್ಕಂಡೆ."

ವಾಲಿಸಿದ್ದೀನಿ ಅಷ್ಟೆ, ತೂಗಿಲ್ಲ ಎಂದು ದಾರ ಸುತ್ತಿಟ್ಟವಳ ಮುಖವನ್ನು ನಾನು ನೋಡಿದೆ. ಅವಳಿಗೂ ಅದೇ ನೆನಪಾಗಿರಬೇಕು, ತಲೆ ತಗ್ಗಿಸಿದಳು.

"ನಿಲ್ಸಿದ್ದು ಒಳ್ಳೇದಾಯ್ತು. ಹಂಗೇ ಇರ್ಲಿ," ಎಂದು ಚನ್ನಾಜಮ್ಮ ಫೋನನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿದರು. ಏಳುವಾಗ ವಾರಿಜಾಳ ಹೊಟ್ಟೆಯ ಮೇಲೆ ಕೈಯಿಡಲು ಹೋಗಿ, ಇಡದೆ ಹಿಂದಕ್ಕೆ ತೆಗೆದುಕೊಂಡರು. "ನನ್ನ ಮಗಳಿದ್ದಿದ್ರೆ ನಿಂಗೆ ಅಕ್ಕ ಆಗೋಳು ತಾಯಿ. ಹುಷಾರಾಗಿರು."

ಅವರು ಬಾಗಿಲು ದಾಟುವಷ್ಟರಲ್ಲಿ ವಾರಿಜಾ ಕೂಗಿದಳು. "ಅವ್ವಾ, ನಿಲ್ಲಿ!" ಆಮೇಲೆ ನನ್ನ ಕಡೆ ತಿರುಗಿ, "ಸರ್, ಅಡುಗೆಮನೆ ವಿಭಾಗದಲ್ಲಿ ಒಂದು ಚಿಕ್ಕ ಗುಂಡುಕಲ್ಲಿದೆ. ತರ್ತೀರಾ? ನಾನು ಎತ್ತೋ ಹಾಗಿಲ್ಲ."

ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಮಲಗಿಸುವುದು ಮಗುವನ್ನಲ್ಲ, ಒರಳಿನ ಗುಂಡುಕಲ್ಲನ್ನು. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಎಂದು. ನಿರ್ದೇಶಕರು ಅಂದು ಊರಲ್ಲಿರಲಿಲ್ಲ, ನಮ್ಮ ಪುಣ್ಯ. ಯಾರದೋ ಮನೆಯ ಕಲ್ಲನ್ನು ಎದೆಗವಚಿಕೊಂಡು ನಾನು ಮೆಟ್ಟಿಲಿಳಿದೆ. ವಾರಿಜಾ ನಿಜವಾದ ತೊಟ್ಟಿಲಿನ ಸುತ್ತಲ ಹಗ್ಗ ಬಿಚ್ಚಿದ್ದಳು. ಚನ್ನಾಜಮ್ಮ ಕೈತೊಳೆದು ಬಂದು, ಅವಳು ಕೊಟ್ಟ ಬಿಳಿ ಬಟ್ಟೆಯಲ್ಲಿ ಕಲ್ಲನ್ನು ಸುತ್ತಿದರು. ಮುಖದ ಕಡೆ ಬಟ್ಟೆಯನ್ನು ಸ್ವಲ್ಪ ಸರಿಸಿ ಗಾಳಿಗೆ ಜಾಗ ಬಿಟ್ಟರು. ಅದನ್ನು ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಕಲ್ಲನ್ನು ಮಲಗಿಸಿ, ಬಗ್ಗಿ, ಕಿವಿಯಿರಬೇಕಾದಲ್ಲಿ ಬಾಯಿಟ್ಟು ಒಂದು ಹೆಸರು ಹೇಳಿದರು. ನಮಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವುದು ಸರಿಯೆಂದೂ ಅನಿಸಲಿಲ್ಲ.

ಆಮೇಲೆ ತೊಟ್ಟಿಲಿನ ಅಂಚಿಗೆ ಕೈಯಿಟ್ಟು ಸುಮ್ಮನೆ ನಿಂತರು. ಒಳಗಿನಿಂದ ಯಾರಾದರೂ ಕೂಗುತ್ತಾರೇನೋ ಎಂದು ಕಾಯುವವರಂತೆ ವಾರಿಜಾಳ ಕಡೆ ನೋಡಿದರು.

"ತೂಗಿ ಅವ್ವಾ," ಎಂದಳು ವಾರಿಜಾ. "ಈಗ ಬರೀದಲ್ಲ."

ತೊಟ್ಟಿಲು ತೂಗಿತು. ನಾವು ಹಿಡಿದಿಟ್ಟ ಸದ್ದಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇದು ಇನ್ನೂ ಮೆದು, ಇನ್ನೂ ಆಳ. ವಾರಿಜಾ ಕಣ್ಣೊರೆಸಿಕೊಳ್ಳುತ್ತಲೇ ಒಂದರ ಹಿಂದೊಂದು ಫೋಟೋ ತೆಗೆದಳು. ಈ ಸಲ ದಾರ ಕಟ್ಟಲಿಲ್ಲ. ನಾನು ಅತ್ತೆ. ಹಾಗೆ ಅತ್ತದ್ದು ನನಗೆ ಒಳ್ಳೆಯದೇ ಆಯಿತು.

ಹಳೆಯ ಚಿತ್ರ ತೆಗೆದು ಹೊಸದನ್ನು ಹಾಕಿದೆವು. ಎರಡು ಮನೆಗಳ ವಸ್ತುಗಳನ್ನು ಒಂದು ಮಾಡಿ ತೋರಿಸುವುದು ಪದ್ಧತಿಯಲ್ಲ ಎಂದು ನಿರ್ದೇಶಕರು ಗೊಣಗಿ, ಆಮೇಲೆ ಬಿಟ್ಟರು. ಮಧ್ಯಾಹ್ನದ ತೂಗು ಮತ್ತೆ ಶುರುವಾಯಿತು. ವಾರಿಜಾ ಕಿವಿಯ ಹತ್ತಿ ಬಿಸಾಡಿ, ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡಿದಳು. ಸದ್ದು ಶುರುವಾದರೆ, "ಅವ್ವ ಬಂದ್ರು," ಎನ್ನುವಳು.

ಅವಳಿಗೆ ನೋವು ಕಾಣಿಸಿಕೊಂಡದ್ದು ಒಂದು ಬೆಳಿಗ್ಗೆ. ಆಸ್ಪತ್ರೆಗೆ ಕರೆದೊಯ್ದರು ಎಂದು ಸುದ್ದಿ ಬಂದಾಗ ಪರದೆಯ ತೊಟ್ಟಿಲು ಆಗಲೇ ತೂಗುತ್ತಿತ್ತು. ಮಧ್ಯಾಹ್ನವಾಯಿತು, ಬಾಗಿಲು ಹಾಕುವ ಹೊತ್ತಾಯಿತು, ಅದು ನಿಲ್ಲಲಿಲ್ಲ. ನಾನು ಊಟಕ್ಕೂ ಏಳದೆ ಬೆಂಚಿನ ಮೇಲೆ ಕುಳಿತಿದ್ದೆ. ಆ ಮುದುಕಿಯ ಬೆರಳು ಸೋಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸಂಜೆ ಫೋನ್ ಬಂತು. ವಾರಿಜಾಳ ಗಂಡ ಮಾತಿಗಿಂತ ಹೆಚ್ಚು ಅಳುತ್ತಿದ್ದ. "ಹೆಣ್ಣು ಸರ್. ಇಬ್ರೂ ಚೆನ್ನಾಗಿದಾರೆ." ತಿರುಗಿ ನೋಡಿದಾಗ ತೊಟ್ಟಿಲು ನಿಧಾನವಾಗುತ್ತ ಬಂದು ನಿಂತಿತು.

ಮರುದಿನ ಪೇಡದ ಪೊಟ್ಟಣ ಹಿಡಿದು ಚನ್ನಾಜಮ್ಮನವರ ಮನೆಗೆ ಹೋದೆ. "ನಿನ್ನೆ ನಿಮ್ಮ ಕೈ ಸೋತುಹೋಗಿರಬೇಕು," ಎಂದೆ.

"ಯಾಕಪ್ಪಾ? ನಿನ್ನೆ ನಾನು ಫೋನೇ ಮುಟ್ಟಿಲ್ಲ. ತಮ್ಮನ ಮೊಮ್ಮಗಳು ಪರೀಕ್ಷೆಗೆ ಓದ್ಕೋಬೇಕು ಅಂತ ಬೆಳಿಗ್ಗೇನೆ ತಗಂಡೋಗಿದ್ಲು."

ಬೆಳಗಿನಿಂದ ಸಂಜೆಯವರೆಗೆ ನಡೆದದ್ದನ್ನು ಹೇಳಿದೆ. ಅವರು ಪೇಡ ಮುರಿದು ಬಾಯಿಗೆ ಹಾಕಿಕೊಂಡು, ಆಶ್ಚರ್ಯವೇನೂ ಇಲ್ಲದೆ ಕೇಳಿಸಿಕೊಂಡರು.

"ಅದಕ್ಕ್ಯಾಕೆ ಹಿಂಗೆ ಬೆವರ್ತೀಯ?" ಎಂದರು. "ತಂಗಿ ಹೆರೋ ಹೊತ್ತಲ್ಲಿ ದೊಡ್ಡಮ್ಮ ಆಗೋ ನನ್ನ ಮಗಳು ತೂಗ್ದೆ ಇರ್ತಾಳಾ?"

ವೆಬ್‌ಸೈಟ್ ಲೋಕಕ್ಕೆಲ್ಲ ತೆರೆದದ್ದು. ಎಲ್ಲಿಯದೋ ಯಾವುದೋ ಬೆರಳು ಆ ದಿನ ತೂಗಿರಬಹುದು. ಯಾರು ಬಂದರು, ಎಷ್ಟು ಹೊತ್ತಿದ್ದರು ಎಂದು ತೆಗೆದು ನೋಡಲು ನನಗೆ ಒಂದು ಕ್ಷಣ ಸಾಕು; ಅದನ್ನು ನೋಡದೆ ಕಾಫಿ ಕುಡಿಯದ ಮನುಷ್ಯ ನಾನು. ಆ ಒಂದು ದಿನದ್ದನ್ನು ಮಾತ್ರ ಇಂದಿಗೂ ತೆಗೆದು ನೋಡಿಲ್ಲ.

ಅಂದು ಚನ್ನಾಜಮ್ಮನವರ ಮನೆಯಿಂದ ಹಿಂದಿರುಗಿದಾಗ ಹಜಾರ ಖಾಲಿಯಿತ್ತು. ವಾರಿಜಾಳ ಕೋಣೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಪರದೆಯ ಮೇಲೆ ಕೊಕ್ಕಿಲ್ಲದ ಗಿಳಿ ಒಮ್ಮೆ ಬೆಳಕಿಗೆ, ಒಮ್ಮೆ ನೆರಳಿಗೆ ಹೋಗಿ ಬರುತ್ತಿತ್ತು. ಬಿಳಿ ಬಟ್ಟೆಯೊಳಗಿನ ಕಲ್ಲು ಅಲುಗದೆ ಮಲಗಿತ್ತು. ನಾನು ಹತ್ತಿರ ಹೋಗಿ ಸದ್ದನ್ನು ಒಂದಿಷ್ಟು ತಗ್ಗಿಸಿದೆ. ಆಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಮಹಡಿ ಹತ್ತಿದೆ.