ಬಿಡುಗಡೆಯಿಲ್ಲದ ಶುಕ್ರವಾರ

“ಈ ಶುಕ್ರವಾರಕ್ಕೆ ಹೊಸ ಸಿನಿಮಾ ಕೊಡೋಕಾಗಲ್ಲ ಅಕ್ಕ. ಥಿಯೇಟರ್ ಬಿಟ್ಕೊಡೋ ಮನಸ್ಸಿದ್ರೆ ಹೇಳಿ, ಒಳ್ಳೇ ಜನ ಇದಾರೆ ತಗೊಳ್ಳೋಕೆ.”

ಕನ್ನಡಕದ ವಿತರಕ ಹೀಗೆಂದಾಗ ಥಿಯೇಟರಿನ ಒಡತಿಗೆ ಮೈ ಜುಂ ಎಂದಿತು. ಕೆಳಗಿನ ಮಹಡಿಯಲ್ಲಿ ಮೀಸೆ ವಿತರಕ ಈಗಷ್ಟೇ ಆಡಿದ ಮಾತದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ‘ಒಳ್ಳೇ ಜನ’ಕ್ಕೆ ಮುಂಚಿನ ಸಣ್ಣ ಕೆಮ್ಮು ಸಹ ಅದೇ. ಹಾಗೆ ನೋಡಿದರೆ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಮೀಸೆಯವನು ತುಳಿಯುವ ಮೆಟ್ಟಿಲು ತನಗೆ ಬೇಡವೆಂದು ಕನ್ನಡಕದವನು ಹಿಂಬದಿಯಲ್ಲಿ ಬೇರೆ ಮೆಟ್ಟಿಲನ್ನೇ ಕಟ್ಟಿಸಿಕೊಂಡಿದ್ದ.

ಗಂಡ ತೀರಿಹೋದ ಮೇಲೆ ಆ ಥಿಯೇಟರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ಅವಳು. ಹಳೇ ಸಿನಿಮಾಗಳನ್ನೇ ತಿರುಗಾಮುರುಗಾ ಹಾಕಿ ಈಗ ಜನ ಬರುವುದೇ ನಿಂತಿತ್ತು. ಈ ವಾರ ಹೊಸದೊಂದು ಸಿಗದಿದ್ದರೆ ಬಾಗಿಲಿಗೆ ಬೀಗವೇ ಗತಿ. ಇಲ್ಲಿ ಆಡಿದ ಮಾತು ಎಲ್ಲಿಗೆ ಮುಟ್ಟುತ್ತದೋ ನೋಡೇಬಿಡೋಣವೆಂದು ಒಂದು ಸುಳ್ಳು ಬಿಟ್ಟಳು.

“ಸರಿ ಬಿಡಿ. ನಂಗೂ ಪುರುಸೊತ್ತಿಲ್ಲ. ಮಗಳು ಬಿದ್ದು ಕಾಲು ಮುರ್ಕೊಂಡಿದಾಳೆ.”

“ಅಯ್ಯೋ ಪಾಪ,” ಎಂದ ಕನ್ನಡಕದವನು.

ಅವಳಿಗೆ ಮಕ್ಕಳೇ ಇರಲಿಲ್ಲ.

ಅಲ್ಲಿಂದ ನೇರ ರಸ್ತೆ ದಾಟಿ ಮೂರನೆಯ ವಿತರಕನ ಆಫೀಸಿಗೆ ನಡೆದಳು. ಅವನು ಈ ದಂಧೆಗೆ ಹೊಸಬ. ಆ ಮುದುಕರಿಬ್ಬರನ್ನೂ ಮನೆಗೆ ಕಳಿಸುತ್ತೇನೆಂದು ಊರೆಲ್ಲ ಜಂಬ ಕೊಚ್ಚಿಕೊಂಡವನು. ಇವನಾದರೂ ಹಟಕ್ಕೆ ಬಿದ್ದು ಕೊಟ್ಟಾನು ಎಂಬ ಆಸೆ ಅವಳಿಗೆ. ಅವಳನ್ನು ಕಂಡದ್ದೇ ಅವನು ಎದ್ದು ನಿಂತ.

“ಮಗಳ ಕಾಲು ಹೇಗಿದೆ ಅಕ್ಕ?” ಎಂದ, ನಿಜವಾದ ಕನಿಕರದಿಂದ. ಆಮೇಲೆ ಸಣ್ಣಗೆ ಕೆಮ್ಮಿದ.

ಮುಂದಿನ ಮಾತಿಗೆ ಅವಳು ಕಾಯಲಿಲ್ಲ. ಥಿಯೇಟರಿಗೆ ಬಂದವಳೇ ಟಿಕೆಟ್ ಕೌಂಟರಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಳು. ಹಳೇ ಸಿನಿಮಾ ಪತ್ರಿಕೆಯೊಂದರಲ್ಲಿ ದೂರದ ಊರಿನ ವಿತರಕನ ನಂಬರು ಸಿಕ್ಕಿತು. ಅವಳ ಮುಖ ಕಂಡವನಲ್ಲ, ಹೆಸರು ಕೇಳಿದವನಲ್ಲ. ಇಲ್ಲಿಯವರ ನೆರಳೂ ಅವನಿಗೆ ಸೋಕಿರಲಾರದು ಅನಿಸಿ ಜೀವಕ್ಕೆ ಸ್ವಲ್ಪ ಧೈರ್ಯ ಬಂತು. ನಿಂತುಕೊಂಡೇ ಫೋನು ಹಚ್ಚಿದಳು.

“ಹಲೋ,” ಎಂದಳು.

ಆ ಕಡೆ ಯಾರೋ ಉಸಿರಾಡುವುದು ಕೇಳಿಸಿತು.

“ಎಷ್ಟೊತ್ತು ಅಂತ ನಿಂತಿರ್ತೀರಿ ಅಕ್ಕ?” ಎಂದಿತು ಮೆತ್ತನೆಯ ದನಿ. “ಕೂತ್ಕೊಳ್ಳಿ.”

ಅವಳು ಕೂತಳು.