ಕಾಲು ತಾಗಿಸಬಾರದ ಗಂಟೆ

ನಾನು ಒದೆ ತಿನ್ನಲಿಕ್ಕೆಂದೇ ಹುಟ್ಟಿದವಳು. ಮುಂಬಯಿಯ ಒಂದು ಎರಕದ ಮನೆಯಲ್ಲಿ ಕಂಚು ಕರಗಿಸಿ ನನ್ನನ್ನು ಹೊಯ್ದರು. ದೇವಸ್ಥಾನಕ್ಕಲ್ಲ, ಟ್ರಾಮಿಗೆ. ಚಾಲಕ ನಿಲ್ಲುವ ಹಲಗೆಯ ಅಡಿಯಲ್ಲಿ ಬಿಗಿದರು. ಮೇಲಿನ ಕಬ್ಬಿಣದ ಗುಂಡಿಯನ್ನು ಹಿಮ್ಮಡಿಯಿಂದ ಗುದ್ದಿದರೆ ಸುತ್ತಿಗೆ ನನಗೆ ಬಡಿಯಬೇಕು, ನಾನು ಠಣ್ ಎನ್ನಬೇಕು, ಹಳಿಯ ಮೇಲಿನ ಜನ ಹಾರಿ ಸರಿಯಬೇಕು. ಇಷ್ಟೇ ನನ್ನ ಜಾತಕ.

ಮಲ್ಪೆಯಿಂದ ಬಂದ ಚಾಲಕ ಅಂಗರ ಕುಂದರ್ ಒಂಬತ್ತು ವರ್ಷ ನನ್ನನ್ನು ಒದ್ದ. ಹಲಗೆಯ ಸಂದಿಯಿಂದ ನನಗೆ ಹೆಚ್ಚಾಗಿ ಕಂಡದ್ದು ಅವನ ಒಡೆದ ಹಿಮ್ಮಡಿಯೇ. ಬೆಳಿಗ್ಗೆ ಗಾಡಿ ಹತ್ತಿದೊಡನೆ ಬಗ್ಗಿ, ಗುಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಮೇಲೆ ದಿನವಿಡೀ ತುಳಿತವೇ ತುಳಿತ. ಮರ್ಯಾದೆ ಎಂದರೆ ಅದು.

ಟ್ರಾಮುಗಳು ನಿಂತವು. ನಮ್ಮ ಗಾಡಿ ಗುಜರಿ ಅಂಗಳ ಸೇರಿ ಕೋಳಿಗೂಡಾಯಿತು. ಕೋಳಿಗಳಾದರೂ ಗುಂಡಿಯ ಮೇಲೆ ಕಾಲಿಡುತ್ತಿದ್ದವು. ಆಮೇಲೆ ಸಿಕ್ಕವರು ಕೋಳಿಗಿಂತ ಕಡೆ.

ಅವರು ಟ್ರಾಮಿನ ಅಭಿಮಾನಿಗಳಂತೆ. ಸಂಬಳವಿಲ್ಲದೆ ಭಾನುವಾರ ಭಾನುವಾರ ಬಂದು, ಒಂದು ಶೆಡ್ಡಿನಲ್ಲಿ ನಮ್ಮ ಗಾಡಿಯನ್ನು ನಿಲ್ಲಿಸಿ ಮ್ಯೂಸಿಯಂ ಮಾಡಿದರು. ಹಿರಿಯರು ಶಾನಭಾಗರು, ಬ್ಯಾಂಕಿನಿಂದ ನಿವೃತ್ತರಾದವರು. ಸಂಬಳವಿಲ್ಲದ ಕೆಲಸದಲ್ಲಿ ಬೈಯುವವರೂ ಇರುವುದಿಲ್ಲ, ಅದೇ ಕೇಡು. ಸುತ್ತಿಗೆಗೂ ಹಸಿರು ಬಣ್ಣ ಬಳಿದರು. ಗುಂಡಿಗೆ ಕುಂಕುಮ, ಚೆಂಡುಹೂವಿನ ಹಾರ. ಪಕ್ಕದಲ್ಲಿ ಬೋರ್ಡು: ‘ಕಾಲು ತಾಗಿಸಬಾರದು’. ನೋಡಲು ಬಂದವರು ಓದಿ ಕೈಮುಗಿದರು. ಇದರ ಸದ್ದು ಹೇಗಿತ್ತು ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ.

ಒಂದು ಭಾನುವಾರ ಶಾನಭಾಗರು ಗಾಡಿಯ ಮುಂದೆ, ಹಳಿಯ ಮೇಲೆ ನಿಂತು ಅಪ್ಪಣೆ ಕೊಡಿಸಿದರು: “ಮುಂದಿನ ವಾರ ಗಂಟೆಯನ್ನ ಬಿಚ್ಚಿ ಗಾಜಿನ ಪೆಟ್ಟಿಗೆಯಲ್ಲಿಡೋಣ. ಪಾಪ, ಕಾಲಬುಡದಲ್ಲಿ ಬಿದ್ದಿದೆ.”

ಸುತ್ತಿಗೆಯಿಂದ ಬಿಚ್ಚಿದ ಮೇಲೆ ನಾನು ಬರೀ ಬಟ್ಟಲು. ನನ್ನ ಕತೆ ಮುಗಿಯಿತು ಎಂದುಕೊಂಡೆ.

ಆಗಲೇ ಹಲಗೆ ಕಿರುಗುಟ್ಟಿತು. “ನಮ್ಮ ಅಪ್ಪ ಟ್ರಾಮು ಓಡಿಸ್ತಿದ್ರು, ಸ್ವಲ್ಪ ನೋಡಿ ಹೋಗ್ತಾರೆ,” ಎಂದಿತು ಒಂದು ಹೆಣ್ಣುದನಿ. ಚಪ್ಪಲಿ ಕಳಚಿತು. ಅದೇ ಒಡೆದ ಹಿಮ್ಮಡಿ! ಸುಕ್ಕುಗಟ್ಟಿದ ಕೈಯೊಂದು ಗುಂಡಿಯನ್ನು ಮುಟ್ಟಿ, ಹಾರವನ್ನು ಆಚೆಗೆ ಸರಿಸಿತು.

“ಅಜ್ಜಾ, ಕಾಲು! ಬೋರ್ಡ್ ನೋಡಿ!” ಶಾನಭಾಗರು ಕೂಗಿದರು.

“ನನಗೆ ಓದ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ತುಳೀಲಿಕ್ಕೆ ಬರ್ತದೆ.”

“ಪೂಜೆ ಮಾಡಿದ್ದೇವೆ ಅದಕ್ಕೆ!”

“ನಾನೂ ಮಾಡ್ತಿದ್ದೆ. ಆದ್ರೆ ಕೈಮುಗಿದ್ರೆ ಹಳಿಯಲ್ಲಿ ಆಡುವ ಮಗು ಸರೀತದಾ?”

ಮೊದಲ ಒದೆಗೆ ಥಕ್ ಎಂದೆ, ಆ ದರಿದ್ರ ಬಣ್ಣ! ಅಂಗರ ಮಗಳ ಹೆಗಲು ಹಿಡಿದು, ಇದ್ದಬದ್ದ ಭಾರವನ್ನೆಲ್ಲ ಹಿಮ್ಮಡಿಗೆ ಹಾಕಿದ.

ಠಣ್!

ಶೆಡ್ಡಿನ ಮಾಡಿನ ಪಾರಿವಾಳಗಳು ಎದ್ದವು. ಟ್ರಾಮು ಕದಲದೆಂದು ಗೊತ್ತಿದ್ದೂ ಶಾನಭಾಗರು ಹಳಿಯಿಂದ ಚಂಗನೆ ಆಚೆ ಹಾರಿದರು.

ಅಂಗರ ನಕ್ಕ. “ಕೆಲಸ ಮಾಡ್ತದೆ.”

ಗಾಜಿನ ಪೆಟ್ಟಿಗೆ ಬಂತು. ಅದರಲ್ಲಿ ಈಗ ಹಳೆಯ ಟಿಕೇಟುಗಳಿವೆ. ಅಂಗರ ಮತ್ತೆ ಬರಲಿಲ್ಲ. ಬೋರ್ಡು ಎಲ್ಲಿ ಹೋಯಿತೋ, ಕೇಳಿದವರಿಲ್ಲ. ಭಾನುವಾರ ಬಾಗಿಲು ತೆರೆಯುವ ಮೊದಲು ಶಾನಭಾಗರು ಬೂಟು ಕಳಚಿ, ಗುಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಜುತ್ತ ಅಂಜುತ್ತ ಒದೆಯುತ್ತಾರೆ. ಮೆತ್ತನೆಯ ಬಿಳಿ ಹಿಮ್ಮಡಿ. ಬ್ಯಾಂಕಿನ ಕಾಲು, ಕಸುವಿಲ್ಲ.

ಇರಲಿ, ಕಲಿಯಲಿ. ನನಗೇನು ಅವಸರ?