ಕೈಬಿಟ್ಟ ಕೋಶಗಳು

ಚಿಕ್ಕಮ್ಮನ ನಾಲಿಗೆಯ ಅಂಚಿನ ಹುಣ್ಣು ಮಾಯುವ ಲಕ್ಷಣವೇ ಕಾಣದಾಗ, ಅದರ ಚೂರೊಂದು ಗಾಜಿನ ಪಟ್ಟಿಯ ಮೇಲೇರಿ ಸಾಕುಮಗಳ ಮೇಜಿಗೇ ಬಂತು. ಅವಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಗೆಡ್ಡೆಗಳ ಒಳಗುಟ್ಟು ಓದುವ ಡಾಕ್ಟರು. ತಾಯಿ ತೀರಿಕೊಂಡ ಮೇಲೆ ಅವಳನ್ನು ಮುದ್ದಿಸಿ, ಬೈದು ಬೆಳೆಸಿದವಳು ಈ ಚಿಕ್ಕಮ್ಮನೇ. ಬಾಯಿ ತೆರೆದರೆ ಇಡೀ ಬೀದಿ ಕಿವಿಗೊಡಬೇಕು, ಅಂಥ ಮಾತುಗಾತಿ.

ಕ್ಯಾನ್ಸರ್ ಎಂಬುದು ಖಚಿತವಾಯಿತು. ಸ್ವಂತ ಕಣ್ಣನ್ನು ನಂಬದೆ ಅವಳು ಹಿರಿಯ ಸಹೋದ್ಯೋಗಿಗೂ ತೋರಿಸಿದಳು. ಅವರೂ ತಲೆಯಾಡಿಸಿದರು. ಸ್ಕ್ಯಾನಿನಲ್ಲಿ ಕುತ್ತಿಗೆ ಶುಭ್ರವಾಗಿಯೇ ಇತ್ತು. ಆದರೂ ನಾಲಿಗೆಯ ಹುಣ್ಣಿನ ಭಾಗದ ಜೊತೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯೋಣ ಎಂದರು ಸರ್ಜನ್. ಚಿಕ್ಕಮ್ಮ ಸುತರಾಂ ಒಪ್ಪಲಿಲ್ಲ.

"ಹುಣ್ಣಿರೋದು ನಾಲಿಗೇಲಿ. ತನ್ನ ಪಾಡಿಗೆ ತಾನಿರೋ ಕುತ್ತಿಗೆ ತಂಟೆಗೆ ಯಾಕೆ ಹೋಗ್ತೀರಿ?"

ಮಾತಿನಲ್ಲಿ ಚಿಕ್ಕಮ್ಮನನ್ನು ಗೆದ್ದವರುಂಟೆ? ಮರುದಿನ ಮಧ್ಯಾಹ್ನ ಅವಳು ಚಿಕ್ಕಮ್ಮನ ಕೈಹಿಡಿದು ಪ್ರಯೋಗಾಲಯಕ್ಕೇ ಕರೆತಂದಳು. ಪರದೆ ಎಳೆದ ಕೋಣೆಯಲ್ಲಿ ಬೆಳಕು ಎಳೆನಿದ್ದೆಯಂತೆ ಮಂಕಾಗಿತ್ತು. ಇಬ್ಬರೂ ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕಕ್ಕೆ ಎದುರುಬದುರಾಗಿ ಕಣ್ಣಿಟ್ಟರು.

ಕೆಳಗೆ ಒಂದು ಊರು ತೇಲಿ ಬಂತು. ನೀಲಿ ಮನೆಗಳು, ಮನೆಮನೆಗೂ ಕಂದು ಬೇಲಿ. ಗಾಜು ಸರಿದಂತೆ ಊರೂ ಮೆಲ್ಲಗೆ ಸರಿಯಿತು. ತಾವಿಬ್ಬರೂ ಯಾವುದೋ ಮುಸ್ಸಂಜೆಯ ಮೇಲೆ ಸದ್ದಿಲ್ಲದೆ ಹಾರುತ್ತಿದ್ದೇವೆ ಅನ್ನಿಸಿತು ಅವಳಿಗೆ.

"ಅಯ್ಯೋ, ಎಷ್ಟು ಚೆನ್ನಾಗಿದೆಯೇ! ಇದು ನಾನಾ?"

"ನೀನೇ ಚಿಕ್ಕಮ್ಮ. ಆ ಕಂದು ಬಣ್ಣ ಇದ್ಯಲ್ಲ, ಅದೊಂದು ಪ್ರೋಟೀನು. ಕೋಶಗಳು ಒಂದರ ಕೈ ಒಂದು ಹಿಡ್ಕೊಂಡಿರೋದು ಅದರಿಂದಲೇ. ಈಗ ಗೆಡ್ಡೆ ಅಂಚಿಗೆ ಹೋಗೋಣ."

ಅಂಚಿನತ್ತ ಬೇಲಿಗಳು ತೆಳುವಾದವು, ಮಾಸಿದವು, ಇಲ್ಲವಾದವು. ಅಲ್ಲಿ ಕೋಶಗಳು ಒಂಟಿಯಾಗಿ, ಜೋಡಿಯಾಗಿ, ಮಂಜಿನಲ್ಲಿ ದಾರಿ ಹಿಡಿದವರಂತೆ ಚದುರಿದ್ದವು.

ಚಿಕ್ಕಮ್ಮ ಕಣ್ಣನ್ನು ಇನ್ನಷ್ಟು ಒತ್ತಿ ಹಿಡಿದು ನೋಡಿದಳು.

"ಇವೆಲ್ಲ ಕೈಬಿಟ್ಟು ಎಲ್ಲಿಗೆ ಹೊರಟಿವೆ?"

"ಮೊದಲು ಕುತ್ತಿಗೆಗೇ. ಹೋಗೇ ಇವೆ ಅಂತ ಇದೊಂದನ್ನೇ ನೋಡಿ ಹೇಳಕ್ಕಾಗಲ್ಲ. ಆದ್ರೆ ಗೆಡ್ಡೆ ಆಳಕ್ಕೂ ಇಳಿದಿದೆ. ಸ್ಕ್ಯಾನಿನ ಕಣ್ಣಿಗೆ ಬೀಳದಷ್ಟು ಸಣ್ಣವು ಇರಬಹುದು. ನಂಗೆ ಹೆದರಿಕೆ ಚಿಕ್ಕಮ್ಮ."

ಡಾಕ್ಟರಾಗಿ ಆಡಬೇಕೆಂದಿದ್ದ ಮಾತಿನ ಕೊನೆಯಲ್ಲಿ ಮಗಳ ದನಿ ಬಂದುಬಿಟ್ಟಿತ್ತು. ಚಿಕ್ಕಮ್ಮ ಮೇಜಿನ ಮೇಲಿಂದ ಕೈಚಾಚಿ ಅವಳ ಕೆನ್ನೆ ತಟ್ಟಿದಳು.

"ಅಳಬೇಡ್ವೇ, ಮಸೂರ ಒದ್ದೆಯಾಗತ್ತೆ. ತೆಗೀಲಿ ಬಿಡು."

ಶಸ್ತ್ರಚಿಕಿತ್ಸೆಯಾಯಿತು. ತೆಗೆದ ಗ್ರಂಥಿಗಳನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ, ಹಿರಿಯ ಸಹೋದ್ಯೋಗಿಯೇ ನೋಡಿದರು. ಒಂದೇ ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಕೋಶಗಳ, ಸಾಸಿವೆಗಿಂತ ಚಿಕ್ಕದಾದ ಗುಂಪೊಂದು ಬೀಡುಬಿಟ್ಟಿತ್ತು. ಆಮೇಲೆ ವಿಕಿರಣ, ಒಣಗಿದ ಬಾಯಿ, ಗಂಜಿಯಂಥ ಊಟ, ತಿಂಗಳುಗಟ್ಟಲೆ ಮೌನ. ಆ ಮನೆಯಲ್ಲಿ ಅಷ್ಟು ಮೌನವನ್ನು ಯಾರೂ ಕಂಡಿರಲಿಲ್ಲ. ಅದರೊಳಗೆ ಮಗಳು ನೀರಿನಡಿ ನಡೆದಂತೆ ನಡೆದಳು.

ಕಿಟಕಿಯಲ್ಲಿ ಬಿಸಿಲು ತೂಗುತ್ತಿದ್ದ ಒಂದು ಬೆಳಿಗ್ಗೆ ಅವಳು ಹಾಲು ಉಕ್ಕುವುದನ್ನೂ ಗಮನಿಸದೆ ಒಲೆಯ ಮುಂದೆ ನಿಂತಿದ್ದಳು. ಹಿಂದಿನಿಂದ ದನಿ ಬಂತು.

"ಒಲೆ ಆಲಿಸೇ, ಮಂಕೇ!"

'ರ' ಅಕ್ಷರ 'ಲ' ಆಗಿತ್ತು. ಬೈಗುಳ ಮಾತ್ರ ಸೊಟ್ಟಗಿರಲಿಲ್ಲ. ಅವಳು ಒಲೆ ಆರಿಸಲಿಲ್ಲ. ಇನ್ನೊಮ್ಮೆ ಬೈಸಿಕೊಳ್ಳಲೆಂದು ಸುಮ್ಮನೆ ನಿಂತಳು.